ಪೆನ್‌ಡ್ರೈವ್ ಚೀಲದೊಳಗಿನ ಲಟ್ಟಣಿಗೆ

ನಾನು ನಿವೃತ್ತಳಾದ ದಿನ ನನ್ನ ಜಾಗಕ್ಕೆ ಬಂದ ಹುಡುಗಿಗೆ ಕೆಲಸದ ಚೀಲ ಒಪ್ಪಿಸಿದೆ. ಅವಳು ಒಳಗಿನದನ್ನೆಲ್ಲ ಮೇಜಿನ ಮೇಲೆ ಹರವಿದಳು. ಸ್ಕ್ರೂಡ್ರೈವರು, ಟೆಸ್ಟರು, ಧೂಳು ಹೊಡೆಯುವ ಬ್ರಷ್ಷು, ಹೆಸರಿನ ಚೀಟಿ ಅಂಟಿಸಿದ ಪೆನ್‌ಡ್ರೈವುಗಳು, ತಳದಲ್ಲಿ ಒಂದು ಲಟ್ಟಣಿಗೆ. ಅದನ್ನು ಎತ್ತಿ ಹಿಡಿದು, ಗಿರಾಕಿಗಳ ಮನೆಯಲ್ಲಿ ಚಪಾತಿಯನ್ನೂ ಲಟ್ಟಿಸಿಕೊಡಬೇಕೇ ಎಂದು ಗಂಭೀರವಾಗಿಯೇ ಕೇಳಿದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಮೈಯಿಂದ ನೀರು ಸುರಿಸುತ್ತ, ಒದ್ದೆ ಪಂಚೆಯಲ್ಲಿ, ಕೈ ಮುಂದೆ ಚಾಚಿಕೊಂಡು ಓಡಿಬರುವ ಒಬ್ಬ ಗಿಡ್ಡ ಮನುಷ್ಯ ನನ್ನ ಕಣ್ಣ ಮುಂದೆ ಹಾದುಹೋದ. ವಾರಕ್ಕೊಮ್ಮೆಯಾದರೂ ಹೀಗೆ ಹಾದುಹೋಗುತ್ತಾನೆ. ಬಟ್ಟೆ ಒಗೆದು ಹಿಂಡುವಾಗ ಬರುತ್ತಾನೆ, ಮನೆಯಲ್ಲಿ ಕರೆಂಟು ಹೋದಾಗಲಂತೂ ತಪ್ಪದೆ ಬರುತ್ತಾನೆ.

ಅವಳ ಪ್ರಶ್ನೆಗೆ ಆ ದಿನ ಉತ್ತರ ಕೊಡಲಾಗಲಿಲ್ಲ. ಉತ್ತರ ಉದ್ದದ್ದು. ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಡುವ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆಲ್ಲ ಬೇಕಾಗುವಂಥದ್ದು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಊರು ದುಂಡಸಿ. ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದಾಗ ಶಿಗ್ಗಾವಿಯಲ್ಲಿ ಹುಸೇನಸಾಬರು ರೇಡಿಯೋ ರಿಪೇರಿಯ ಅಂಗಡಿಯನ್ನು ಕಂಪ್ಯೂಟರ್ ಅಂಗಡಿ ಮಾಡಿ ಬೋರ್ಡು ಬದಲಿಸುತ್ತಿದ್ದರು. ಟೈಪು ಮಾಡಲು ಒಬ್ಬರು ಬೇಕಾಗಿತ್ತು, ನಾನು ಸೇರಿದೆ. ಟೈಪಿಂಗಿನಿಂದ ರಿಪೇರಿಗೆ ಯಾವಾಗ ದಾಟಿದೆನೋ ನೆನಪಿಲ್ಲ. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮನೆಗೆ ಹೋಗಿ ಮಷೀನು ಬಿಚ್ಚಲು ಹೆಣ್ಣುಮಗಳಾದರೆ ಒಳ್ಳೆಯದು ಎಂಬುದು ಸಾಹೇಬರ ಲೆಕ್ಕ. ಹೀಗೆ ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರ ನಾಲ್ಕೂ ತಾಲೂಕುಗಳ ಬಸ್ಸು ನನ್ನ ಪಾಲಿಗೆ ಬಂತು.

ಮೊದಲೆಲ್ಲ ಎಲ್ಲರ ಮನೆಯಲ್ಲೂ ವಿಂಡೋಸ್. ಆಮೇಲೆ ಹಳೆಯ ವಿಂಡೋಸಿಗೆ ಕಂಪನಿಯವರು ಹೊಸ ರಕ್ಷಣೆ ಕೊಡುವುದನ್ನು ನಿಲ್ಲಿಸಿದರು. ಹೊಸದನ್ನು ಹಾಕೋಣವೆಂದರೆ ಈ ಹಳೆಯ ಮಷೀನುಗಳು ಅದನ್ನು ಹೊರಲಾರವು. ಮಕ್ಕಳ ಪರೀಕ್ಷೆಗೆಂದು ಕೊಂಡ ಕಂಪ್ಯೂಟರುಗಳು ಊರೂರಲ್ಲಿ ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತವು. ಆಗ ಹುಸೇನಸಾಬರಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕುವುದು ಹೊಳೆಯಿತು. ಪುಕ್ಕಟೆ ಸಿಗುತ್ತದೆ, ಹಳೆಯ ಮಷೀನಿಗೂ ಒಗ್ಗುತ್ತದೆ. ಆದರೆ ಅದರಲ್ಲಿ ನೂರೆಂಟು ಬಗೆ. ಯಾವುದು ಯಾರಿಗೆ ಎಂದು ಕೇಳಿದಾಗ ಅವರು ಬಾಯೊಳಗಿನ ಎಲೆಯನ್ನು ಒಂದು ಪಕ್ಕಕ್ಕೆ ಸರಿಸಿಕೊಂಡು ಪಾಠ ಮಾಡಿದರು.

"ನೋಡವಾ ಲೀಲಾ, ಲಿನಕ್ಸ್ ಅಂದ್ರ ಸವಣೂರ ಎಲಿ ಇದ್ದಂಗ, ಎಲ್ಲಾ ಕಡೆ ಒಂದ. ಅದನ್ನ ಒಬ್ಬಾವ ಸಾದಾ ಕಟ್ತಾನ, ಒಬ್ಬಾವ ಮಸಾಲಿ ಹಾಕಿ ಕಟ್ತಾನ. ಆ ಪಾನಪಟ್ಟಿ ಅಂಗಡಿ ಐತಲ್ಲ, ಅದು ಡಿಸ್ಟ್ರಿಬ್ಯೂಶನ್. ಕಟ್ಟಿದ್ದನ್ನ ಬೆಳ್ಳಿ ತಟ್ಟ್ಯಾಗ ಕೊಡ್ತಾನೋ, ಪೇಪರ್‌ನಾಗ ಸುತ್ತಿ ಕೊಡ್ತಾನೋ, ಅದು ಡೆಸ್ಕ್‌ಟಾಪು. ಅಂದ್ರ ಪರದಿ ಮ್ಯಾಲಿನ ರೂಪ. ಗಿರಾಕಿ ಎಲಿ ನೋಡೂದಿಲ್ಲ. ತಟ್ಟಿ ನೋಡ್ತಾನ."

ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ. ಇದನ್ನು ಹೇಳಿದ ಮೇಲೂ ಸಾಹೇಬರು ತಾವೇ ಅದನ್ನು ಪಾಲಿಸಲಿಲ್ಲ ಎಂಬುದು ಬೇರೆ ಮಾತು.

ಗಿರಾಕಿ ತಟ್ಟೆ ನೋಡುತ್ತಾನೆ ಎನ್ನುವುದು ಹಾನಗಲ್ಲಿನಲ್ಲಿ ಖಾತ್ರಿಯಾಯಿತು. ಅಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟೆ. ಪರದೆಯ ಮೇಲೆ ಬೆಟ್ಟದ ಚಿತ್ರವೊಂದನ್ನು ಇಟ್ಟು ಬಂದಿದ್ದೆ. ನಾಲ್ಕೇ ದಿನಕ್ಕೆ ಫೋನು ಬಂತು, ಲಿನಕ್ಸ್ ಹೋಗಿಬಿಟ್ಟಿದೆ, ಕೂಡಲೇ ಬರಬೇಕು ಎಂದು. ಬಸ್ಸು ಹತ್ತಿ ಹೋದೆ. ಎಲ್ಲವೂ ಸರಿಯಾಗಿತ್ತು. ಮೊಮ್ಮಗಳು ಬೆಟ್ಟ ತೆಗೆದು ಬೆಕ್ಕಿನ ಮರಿಯ ಚಿತ್ರ ಹಾಕಿದ್ದಳು. ಮಾಸ್ತರರ ಪಾಲಿಗೆ ಆ ಬೆಟ್ಟವೇ ಲಿನಕ್ಸ್. ಬೆಟ್ಟ ಮರಳಿ ಇಟ್ಟು, ಅವರ ಮನೆಯ ಅವಲಕ್ಕಿ ತಿಂದು ಬಂದೆ. ಮುಂದಿನ ತಿಂಗಳು ಮತ್ತೆ ಲಿನಕ್ಸ್ ಹೋಯಿತು, ಮತ್ತೆ ಅವಲಕ್ಕಿ ತಿಂದೆ. ಬೆಟ್ಟವನ್ನು ಬದಲಿಸಲಾಗದಂತೆ ಬೀಗ ಹಾಕುವುದು ನನಗೆ ಗೊತ್ತಿತ್ತು. ಅವಲಕ್ಕಿ ಚೆನ್ನಾಗಿರುತ್ತಿತ್ತು.

ಹಿರೇಕೆರೂರಿನದು ಸಾಹೇಬರ ಸ್ವಂತ ಸಾಹಸ. ಕಾಳಿನ ವ್ಯಾಪಾರದ ಮೂವರು ಅಣ್ಣತಮ್ಮಂದಿರು, ಒಂದೇ ಮನೆ, ಒಂದೇ ಕಂಪ್ಯೂಟರು. ಹಿರಿಯರಿಗೆ ಅಕ್ಷರ ದೊಡ್ಡದಿರಬೇಕು. ನಡುವಿನವರಿಗೆ ಕಿಟಕಿಗಳು ತೆರೆಯುವಾಗ ಬಳುಕಬೇಕು. ಕಿರಿಯರಿಗೆ ಎಲ್ಲವೂ ವಿಂಡೋಸ್ ಇದ್ದಂತೆಯೇ ಇರಬೇಕು. ನಾನು ಒಂದನ್ನೇ ಆರಿಸಿ ಮೂವರನ್ನೂ ಒಪ್ಪಿಸೋಣ ಎಂದೆ. ಸಾಹೇಬರು ಫೋನಿನಲ್ಲೇ, ಒಂದೇ ಲಿನಕ್ಸಿನ ಮೇಲೆ ಮೂರೂ ಡೆಸ್ಕ್‌ಟಾಪುಗಳನ್ನು ಹಾಕು, ಯಾರಿಗೆ ಯಾವುದು ಬೇಕೋ ಅದರಲ್ಲಿ ಅವರು ಕೂರಲಿ ಎಂದರು. ಹಾಕಿದೆ. ಮೂರು ಡೆಸ್ಕ್‌ಟಾಪುಗಳು ತಮ್ಮ ತಮ್ಮ ಸಾಮಾನುಗಳನ್ನೆಲ್ಲ ಕಟ್ಟಿಕೊಂಡೇ ಬಂದವು. ವಾರದೊಳಗೆ ಹಿರಿಯರು ಫೋನು ಮಾಡಿದರು.

"ಬಾಯಾರ, ನಮ್ಮ ಮನ್ಯಾಗ ಈಗ ಕ್ಯಾಲ್ಕುಲೇಟರ್ ಮೂರು ಆಗ್ಯಾವ. ಮೂರೂ ಒಂದ ಉತ್ತರ ಕೊಡಾಕತ್ತಾವ. ನಾವು ಯಾವುದನ್ನ ನಂಬಬೇಕ್ರಿ?"

ಬಾಗಿಲು ಬೇರೆ ಬೇರೆಯಾದ ಮೇಲೆ ಮನಸ್ಸೂ ಬೇರೆಯಾಗುತ್ತದೆ. ಯಾರ ಡೆಸ್ಕ್‌ಟಾಪು ಹೆಚ್ಚು ಚೆನ್ನಾಗಿದೆ ಎಂಬ ಜಗಳ ಅಡುಗೆಮನೆಯವರೆಗೂ ಹೋಯಿತಂತೆ. ಕೊನೆಗೆ ನಾನೇ ಹೋಗಿ ಎಲ್ಲ ಅಳಿಸಿ, ಲಿನಕ್ಸ್ ಮಿಂಟ್ ಒಂದನ್ನೇ ಹಾಕಿ, ಅಕ್ಷರ ದೊಡ್ಡದು ಮಾಡಿ ಬಂದೆ. ಮೂವರಿಗೂ ಸ್ವಲ್ಪ ಸ್ವಲ್ಪ ಅಸಮಾಧಾನವಾಯಿತು, ಮನೆ ಉಳಿಯಿತು.

ಇಂಥವುಗಳಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಲಿನಕ್ಸಿನ ಒಂದು ಅನುಕೂಲವೆಂದರೆ ಮಷೀನಿನೊಳಗೆ ಹಾಕದೆಯೇ ಪೆನ್‌ಡ್ರೈವಿನಿಂದ ನಡೆಸಿ ತೋರಿಸಬಹುದು. ಒಂದು ದಿನ ಮೂರು ಪೆನ್‌ಡ್ರೈವು ಒಯ್ದು ಮೂರು ಬಗೆ ತೋರಿಸುವುದು. ಮನೆಯವರೆಲ್ಲ ಕುಳಿತು ನೋಡುವುದು, ಮೆನು ಒತ್ತುವುದು, ಒಂದೆರಡು ಸಾಲು ಟೈಪು ಮಾಡುವುದು. ಒಪ್ಪಿದರೆ ಇನ್ನೊಂದು ದಿನ ಹೋಗಿ ಒಳಗೆ ಹಾಕುವುದು. ಸಾಹೇಬರು ಇದಕ್ಕೆ ಕನ್ಯಾ ನೋಡುವ ಶಾಸ್ತ್ರ ಎಂದು ಹೆಸರಿಟ್ಟರು. ಅವರು ತಮಾಷೆಗೆ ಇಟ್ಟಿದ್ದರು. ಸವಣೂರಿನ ಗುರುರಾಜ ಆಚಾರ್ಯರು ಅದನ್ನು ಅಕ್ಷರಶಃ ನಡೆಸಿದರು.

ಆಚಾರ್ಯರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಠದ ಹಿಂದಿನ ಓಣಿಯಲ್ಲಿ ಮನೆ. ಮಗ ಕಾಲೇಜಿಗೆ, ಸೊಸೆ ಬ್ಯಾಂಕಿಗೆ ಹೋದ ಮೇಲೆ ಮನೆಯಲ್ಲಿ ಆಚಾರ್ಯರು ಮತ್ತು ಅವರ ಅಕ್ಕ ಕಾಶೀಬಾಯಿ ಇರುತ್ತಿದ್ದರು. ಆಚಾರ್ಯರು ವರ್ಷಕ್ಕೊಂದು ಪಂಚಾಂಗ ಮಾಡುತ್ತಿದ್ದರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಏಕಾದಶಿ ಯಾವತ್ತು, ಮುಂಜಿಗೆ ಮುಹೂರ್ತ ಯಾವತ್ತು ಎನ್ನುವುದು ಅವರ ಪಂಚಾಂಗ ನೋಡಿಯೇ ತೀರ್ಮಾನವಾಗುತ್ತಿತ್ತು. ಮೊದಲು ಕೈಯಲ್ಲಿ ಬರೆಯುತ್ತಿದ್ದರು. ಕಣ್ಣು ಮಂಜಾದ ಮೇಲೆ ಲೆಕ್ಕ, ಪುಟ, ಕೋಷ್ಟಕ ಎಲ್ಲವೂ ಕಂಪ್ಯೂಟರಿನಲ್ಲೇ. ಆ ವರ್ಷ ಮುಂದಿನ ಪಂಚಾಂಗ ಬಹುತೇಕ ಮುಗಿದಿತ್ತು, ಕೊನೆಯ ಕೆಲವು ಪುಟಗಳಿದ್ದವು. ಆದರೆ ಮಷೀನು ಪುಟಕ್ಕೆರಡು ಸಲ ನಿಂತುಬಿಡುತ್ತಿತ್ತು. ಹಾಗಾಗಿ ನನ್ನನ್ನು ಕರೆದರು.

ನೋಡುವ ಶಾಸ್ತ್ರದ ದಿನ ಕಾಶೀಬಾಯಿಯವರು ಮಡಿಯಲ್ಲಿದ್ದರು. ಅವರು ಯಾವಾಗಲೂ ಮಡಿಯಲ್ಲಿರುತ್ತಿದ್ದರು. ಅಡುಗೆಮನೆಯ ಹೊಸ್ತಿಲಿನ ಒಳಗೇ ನಿಂತು ಅಲ್ಲಿಂದಲೇ ಪರದೆ ನೋಡಿದರು. ಮೊದಲು ಉಬುಂಟು ತೋರಿಸಿದೆ. ಪರದೆಯ ಮೇಲೆ ಏನೂ ಇಲ್ಲದ ಬಯಲು. ಮನೆ ಖಾಲಿ ಮಾಡಿ ಹೋದವರ ಗೋಡೆ ಇದ್ದಂತಿದೆ ಎಂದರು. ಎರಡನೆಯದು ಮಿಂಟ್, ಸಿನಮನ್ ಡೆಸ್ಕ್‌ಟಾಪು. ನೋಡಲು ಲಕ್ಷಣವಾಗಿದೆ, ಆದರೆ ಆ ಹಳೆಯ ಮಷೀನಿನಲ್ಲಿ ಮೆನು ಒತ್ತಿದರೆ ತೆರೆಯಲು ಬಹಳ ಹೊತ್ತು.

"ಛಂದ ಅದಾಳ," ಎಂದರು ಕಾಶೀಬಾಯಿ, "ಆದ್ರ ಎದ್ದು ಒಂದು ವಾಟಿ ನೀರು ಕೊಡಲಿಕ್ಕೆ ಸಂಜಿ ಮಾಡತಾಳ."

ಮೂರನೆಯದೂ ಮಿಂಟೇ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪು. ಬಣ್ಣ ಬೆಡಗು ಕಡಿಮೆ, ಎಡಗಡೆಯ ಕೆಳಮೂಲೆಯಲ್ಲಿ ಮೆನು, ಒತ್ತಿದ ಕೂಡಲೇ ತೆರೆಯುತ್ತದೆ. ಇವಳು ಸಾದಾ ಇದ್ದಾಳೆ, ಕೆಲಸ ಮಾಡುತ್ತಾಳೆ ಎಂದು ಅವರು ಒಳಗೆ ಹೋದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಅಷ್ಟು ಹಳೆಯ ಮಷೀನಿಗೆ ಬೇರೆ ಯಾವುದೂ ಹೊಂದುವಂತಿರಲಿಲ್ಲ.

ಆದರೆ ಆಚಾರ್ಯರು ಅಷ್ಟಕ್ಕೆ ಬಿಡಲಿಲ್ಲ. ಉಬುಂಟು, ಮಿಂಟ್ ಎರಡೂ ಹುಟ್ಟಿದ ದಿನ, ಹೊತ್ತು, ಸ್ಥಳ ಕೇಳಿದರು. ಫೋನಿನಲ್ಲಿ ಹುಡುಕಿದೆ. ಎರಡರದೂ ಮೊದಲ ಆವೃತ್ತಿ ಹೊರಬಂದ ದಿನ ಸಿಕ್ಕಿತು, ಹೊತ್ತು ಸಿಗಲಿಲ್ಲ. ಮಧ್ಯಾಹ್ನವೆಂದು ಹಿಡಿದು, ನಕ್ಷತ್ರ ತೆಗೆದು, ತಮ್ಮ ನಕ್ಷತ್ರದ ಜೊತೆ ಕೂಡಿಸಿ ನೋಡಿದರು. ಉಬುಂಟುವಿಗೆ ನಾಡಿದೋಷ ಬಂತು. ಮಿಂಟಿಗೆ ಗುಣಗಳು ಚೆನ್ನಾಗಿ ಕೂಡಿದವು. ಸಿನಮನ್, ಎಕ್ಸ್‌ಎಫ್‌ಸಿಇ ಎರಡೂ ಒಂದೇ ಮನೆಯ ಅಕ್ಕತಂಗಿಯರಾದ್ದರಿಂದ ಅದೇ ಜಾತಕ ಸಾಕು ಎಂದು ನಾನೇ ಹೇಳಿ ಮುಗಿಸಿದೆ. ವಿಜ್ಞಾನ ಓದಿದವಳು ಹೀಗೆ ಹೇಳಬಾರದು. ಆದರೆ ಶಿಗ್ಗಾವಿಗೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು.

ಇನ್ನು ಮುಖ್ಯವಾದ ಮಾತು. ಪಂಚಾಂಗ ಹಳೆಯ ವಿಂಡೋಸಿನಲ್ಲಿದ್ದುದರಿಂದ ಅದನ್ನು ತೆಗೆಯುವಂತಿರಲಿಲ್ಲ. ಅದನ್ನು ಇಟ್ಟುಕೊಂಡೇ ಪಕ್ಕದಲ್ಲಿ ಲಿನಕ್ಸಿಗೆ ಜಾಗ ಮಾಡಬೇಕಾದರೆ, ಡಿಸ್ಕಿನೊಳಗಿನ ಹಳೆಯ ಭಾಗವನ್ನು ಮೊದಲು ಕುಗ್ಗಿಸಬೇಕು. ತುಂಬಿದ ಕೋಣೆಯಲ್ಲಿ ಸಾಮಾನನ್ನೆಲ್ಲ ಒಂದು ಬದಿಗೆ ಸರಿಸಿ ನಡುವೆ ಗೋಡೆ ಕಟ್ಟಿದಂತೆ. ಸರಿಸುವಾಗ ಕರೆಂಟು ಹೋದರೆ ಯಾವ ಸಾಮಾನು ಎಲ್ಲಿ ಬಿತ್ತು ಎಂದು ದೇವರಿಗೇ ಗೊತ್ತು. ಅದಕ್ಕೇ ಮೊದಲು ಪ್ರತಿ ತೆಗೆದಿಡಬೇಕು. ನಾನು ಖಾಲಿ ಪೆನ್‌ಡ್ರೈವು ತೆಗೆದೆ. ಆಚಾರ್ಯರು ಕೈ ಅಡ್ಡ ಹಿಡಿದರು. ಪಂಚಾಂಗವನ್ನು ಯುಗಾದಿಯ ದಿನ ಮಠದಲ್ಲಿ ದೇವರ ಮುಂದೆ ಓದುವ ಮೊದಲು ಅದರ ಎರಡನೆಯ ಪ್ರತಿ ಇರಕೂಡದು ಎಂಬುದು ಅವರ ಮನೆತನದ ನಡವಳಿಕೆ. ಅದರ ಜೊತೆ ಒಂದು ಹೊಟ್ಟೆಯುರಿಯೂ ಇತ್ತು. ಹಿಂದೊಮ್ಮೆ ಹಾನಗಲ್ಲಿನ ಇನ್ನೊಬ್ಬ ಪಂಚಾಂಗದವರ ಕೈಗೆ ಇವರ ಪುಟಗಳು ಹೇಗೋ ಸೇರಿ, ಅವರದು ಮೊದಲು ಹೊರಬಂದಿತ್ತಂತೆ. ಆವತ್ತಿನಿಂದ ಒಂದೇ ಪ್ರತಿ, ಆ ಡಿಸ್ಕಿನಲ್ಲಿ ಮಾತ್ರ.

ಪ್ರತಿ ಇಲ್ಲದೆ ನಾನು ಮುಟ್ಟುವುದಿಲ್ಲ ಎಂದು ಸಾಹೇಬರಿಗೆ ಫೋನು ಮಾಡಿದೆ. ಅವರು ಆಚಾರ್ಯರೊಂದಿಗೆ ಮಾತಾಡಿ, ಆಮೇಲೆ ನನಗೆ ಹೇಳಿದರು: "ಹೆದರಬ್ಯಾಡ, ಹಾಕು. ಆ ಮನಿಗೆ ಯುಪಿಎಸ್ ಕೊಟ್ಟಾವ ನಾನ. ಕರೆಂಟ್ ಹೋದ್ರೂ ಇಪ್ಪತ್ತು ಮಿನಿಟ್ ಗ್ಯಾರಂಟಿ."

ಸಾಹೇಬರು ಕೊಟ್ಟ ಯುಪಿಎಸ್ಸುಗಳ ಗ್ಯಾರಂಟಿ ನನಗೆ ಗೊತ್ತಿತ್ತು. ಆದರೂ ಮಾಲೀಕರ ಮಾತು, ಮನೆಯ ಯಜಮಾನರ ಒಪ್ಪಿಗೆ, ಎರಡೂ ಆಗಿತ್ತು.

ಆಚಾರ್ಯರು ಶುಕ್ರವಾರ ಬೆಳಿಗ್ಗೆ ಎಂದು ತೆಗೆದುಕೊಟ್ಟರು. ಹತ್ತೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಶುರುವಾಗಬೇಕು. ನನ್ನ ಬಸ್ಸು ತಡವಾಯಿತು. ಹೋಗಿ ನೋಡಿದರೆ ಮಷೀನಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಗಾಳಿ ಹೋಗುವ ಕಿಂಡಿಗೆ ತುಳಸಿ ಸಿಕ್ಕಿಸಿದ್ದರು. ತುಳಸಿಯನ್ನು ಮೇಲಕ್ಕೆ ಇಟ್ಟು, ಕೆಲಸ ಶುರು ಮಾಡುವಾಗ ಹತ್ತು ದಾಟಿತ್ತು. ರಾಹುಕಾಲ ಬರುವುದರೊಳಗೆ ಮುಗಿಯಲಾರದು ಎಂದು ಹೇಳಿದೆ. ಶುರುವಾದ ಕೆಲಸಕ್ಕೆ ರಾಹುಕಾಲದ ಬಾಧೆಯಿಲ್ಲ, ನಡೆಯಲಿ ಎಂದರು ಆಚಾರ್ಯರು. ಪಂಚಾಂಗ ಮಾಡುವವರೇ ಹೇಳಿದ ಮೇಲೆ ಇನ್ನೇನು ಎಂದು ಗುಂಡಿ ಒತ್ತಿದೆ. ಡಿಸ್ಕು ಕುಗ್ಗತೊಡಗಿತು. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ನಿಧಾನವಾಗಿ ತೆವಳುತ್ತಿತ್ತು.

ಗಡಿಯಾರ ಹತ್ತೂವರೆ ತೋರಿಸುವಾಗ ಅದು ಅರ್ಧಕ್ಕೆ ಬಂದಿರಬೇಕು. ತಲೆಯ ಮೇಲಿನ ಫ್ಯಾನು ನಿಂತಿತು. ಯುಪಿಎಸ್ಸು ಕೂಗತೊಡಗಿತು.

ಸವಣೂರಿನಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಆದರೆ ಕಿಟಕಿಯಾಚೆ ಎದುರುಮನೆಯ ರೇಡಿಯೋ ಹಾಡುತ್ತಲೇ ಇತ್ತು. ಆಚಾರ್ಯರೂ ನಾನೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿದೆವು. ಆ ಮನೆಯ ಮೇನ್ ಸ್ವಿಚ್ಚು ಅಡುಗೆಮನೆಯೊಳಗಿನ ಗೋಡೆಯ ಮೇಲಿತ್ತು. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ಅಲ್ಲಿ ಕೂರಿಸಿದ್ದನೋ. ಕಬ್ಬಿಣದ ಪೆಟ್ಟಿಗೆ, ಬಣ್ಣ ಹೋದ ಕಬ್ಬಿಣದ ಹಿಡಿ, ಒಳಗಿನಿಂದ ಇಣುಕುವ ಬಟ್ಟೆ ಸುತ್ತಿದ ವೈರು. ಅದರ ಪಕ್ಕದಲ್ಲಿ ಕಾಶೀಬಾಯಿಯವರು ನಿಂತಿದ್ದರು.

"ಅಕ್ಕಾ, ಸ್ವಿಚ್ಚು ಹಾಕು," ಎಂದರು ಆಚಾರ್ಯರು.

"ರಾಹುಕಾಲ ಮುಗೀಲಿ, ಹಾಕತೀನಿ."

ಅದರ ಹಿಂದೊಂದು ತರ್ಕವಿತ್ತು, ಅದು ನನಗೆ ಆಮೇಲೆ ತಿಳಿಯಿತು. ಆ ಮನೆಗೆ ಹೊಸ ಮೋಟಾರುಬೈಕು ಬಂದಾಗ ಅದು ಓಣಿಯ ತುದಿ ಮುಟ್ಟುವಷ್ಟರಲ್ಲಿ ರಾಹುಕಾಲ ಬಂದಿತ್ತು. ಕಾಶೀಬಾಯಿ ಅಲ್ಲೇ ಇಂಜಿನು ಆರಿಸಿ, ಒಂದೂವರೆ ತಾಸು ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಮನೆಗೆ ತರಿಸಿದ್ದರು. ಬೈಕಿಗೆ ಏನೂ ಆಗಲಿಲ್ಲ. ಕಂಪ್ಯೂಟರೂ ಹಾಗೇ ನಿಂತಿರಲಿ ಎಂದು ಅವರ ಲೆಕ್ಕ.

ಶುರುವಾದ ಕೆಲಸಕ್ಕೆ ರಾಹುಕಾಲವಿಲ್ಲ ಎಂದು ಆಚಾರ್ಯರು ಶಾಸ್ತ್ರ ಹೇಳಿದರು. ಕಾಶೀಬಾಯಿ ಕದಲಲಿಲ್ಲ.

"ನೀ ಪಂಚಾಂಗ ಬರಿತಿ, ಗುರಾಯಾ. ಈ ಮನ್ಯಾಗ ಪಂಚಾಂಗ ನಡಸೂದು ನಾನು."

ಬರುವ ವರ್ಷದ ಪಂಚಾಂಗವೇ ಅದರೊಳಗಿದೆ, ಈಗ ಕರೆಂಟು ಹೋದರೆ ಅದೂ ಹೋದಂತೆ ಎಂದು ನಾನು ಕೈ ಮುಗಿದು ಹೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಐವತ್ತು ದಾಟಿದ ನನ್ನನ್ನು ಅವರು ಹುಡುಗಿ ಎಂದೇ ಕರೆಯುತ್ತಿದ್ದರು. "ಪಂಚಾಂಗ ಇವನ ತಲ್ಯಾಗ ಅದ, ಹುಡುಗಿ. ಹೋದ್ರ ಮತ್ತ ಬರಿತಾನ," ಎಂದರು. ಅದು ಅವರ ತಲೆಯಲ್ಲಿ ಇರಲಿಲ್ಲ. ಹತ್ತು ತಿಂಗಳ ಲೆಕ್ಕ ಯಾರ ತಲೆಯಲ್ಲೂ ಇರುವುದಿಲ್ಲ. ಆಚಾರ್ಯರ ಮುಖ ನೋಡಿದೆ. ಬಿಳಿಚಿಹೋಗಿತ್ತು.

ನಾನೇ ಹೋಗಿ ಹಾಕೋಣವೆಂದರೆ ಹೊಸ್ತಿಲು ದಾಟುವಂತಿಲ್ಲ. ಆಚಾರ್ಯರು ಬೆಳಿಗ್ಗೆ ಪೋಸ್ಟ್ ಆಫೀಸಿಗೆ ಹೋಗಿ ಬಂದವರು, ಮಡಿ ಕೆಟ್ಟಿತ್ತು, ಅವರೂ ದಾಟುವಂತಿಲ್ಲ. ಆ ಹೊಸ್ತಿಲಿನ ಮುಂದೆ ನಾವಿಬ್ಬರೂ ಸರಿಸಮಾನರಾಗಿ ನಿಂತಿದ್ದೆವು. ಹಿಂದೆ ಯುಪಿಎಸ್ಸಿನ ಕೂಗು ಚುರುಕಾಯಿತು. ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಇಪ್ಪತ್ತು ಮಿನಿಟಿನ ಗ್ಯಾರಂಟಿ ಐದಕ್ಕೆ ಇಳಿದಿತ್ತು.

ಆಚಾರ್ಯರು ಹಿತ್ತಲಿಗೆ ಓಡಿದರು. ನೀರು ಸುರಿದ ಸದ್ದು ಕೇಳಿತು, ಒಂದು ಕೊಡ, ಇನ್ನೊಂದು ಕೊಡ. ಮಡಿಯಾಗಿ ಬರುತ್ತಿದ್ದಾರೆ, ಸದ್ಯ, ಉಪಾಯ ಸಿಕ್ಕಿತು ಎಂದು ನನಗೆ ಸಮಾಧಾನವಾಯಿತು. ಆ ಸಮಾಧಾನ ಎಷ್ಟು ಹೊತ್ತು ಇತ್ತೋ. ಅವರು ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡರು. ಪಂಚೆ ಮೈಗೆ ಅಂಟಿದೆ, ಜುಟ್ಟಿನಿಂದ ನೀರು ಇಳಿಯುತ್ತಿದೆ, ಬರಿಗಾಲಿನ ಹಿಂದೆ ನೆಲದ ಮೇಲೆ ನೀರಿನ ದಾರಿ. ಬಲಗೈ ಆಗಲೇ ಮುಂದೆ ಚಾಚಿದೆ. ಆ ಕೈ ಹೋಗುತ್ತಿರುವುದು ಆ ಕಬ್ಬಿಣದ ಹಿಡಿಗೆ.

ಒದ್ದೆ ಮೈ, ಒದ್ದೆ ನೆಲ, ಕಬ್ಬಿಣದ ಹಿಡಿ, ಹಳೆಯ ವೈರು. ನಾನು ಓದಿದ ಭೌತಶಾಸ್ತ್ರವೆಲ್ಲ ಒಮ್ಮೆಗೇ ನೆನಪಾಯಿತು, ಬಾಯಿ ಮಾತ್ರ ಬರಲಿಲ್ಲ. ಎರಡೂ ಕೈ ಚಾಚಿ ಅಡ್ಡ ನಿಂತೆ.

"ಮುಟ್ಟಬ್ಯಾಡ್ರಿ, ಲೀಲಾ ಅವರ," ಎಂದು ಅವರು ಕೂಗಿದರು, "ಮುಟ್ಟಿದ್ರ ನಾ ಮತ್ತ ಸ್ನಾನ ಮಾಡಬೇಕಾಗತದ, ಅಷ್ಟು ಹೊತ್ತಿಲ್ಲ."

ನಾನು ಈಗಲೂ ಮರಳಿ ಮರಳಿ ನೋಡುವುದು ಇದೊಂದು ಕ್ಷಣವನ್ನು. ನನ್ನ ಕೈ ಅವರ ಭುಜದಿಂದ ಗೇಣು ದೂರದಲ್ಲಿತ್ತು. ಹಿಡಿಯಬಹುದಿತ್ತು. ಹಿಡಿದರೆ ಪಂಚಾಂಗ ಹೋಗುತ್ತದೆ, ಬಿಟ್ಟರೆ ಅವರು ಹೋಗುತ್ತಾರೆ. ಇಷ್ಟು ಸರಳವಾದ ಲೆಕ್ಕಕ್ಕೆ ನನ್ನ ಕೈ ಯಾಕೆ ತಡಮಾಡಿತೋ ಇಂದಿಗೂ ತಿಳಿದಿಲ್ಲ. ಅವರು ಗಿಡ್ಡ ಮನುಷ್ಯ. ನನ್ನ ತೋಳಿನ ಕೆಳಗಿಂದ ನುಸುಳಿಬಿಟ್ಟರು. ಆಗ ನನಗೆ ಬಾಯಿ ಬಂತು.

"ಬ್ಯಾಡ್ರಿ ಆಚಾರ್ಯರ, ಪಂಚಾಂಗ ಹೋದ್ರ ಹೋಗ್ಲಿ. ಒದ್ದಿ ಕೈಲೆ ಮುಟ್ಟಿದ್ರ ಜೀವಾ ಹೊಕ್ಕೈತಿ."

ಆ ಮಾತು ಆಚಾರ್ಯರಿಗೆ ಕೇಳಿಸಲಿಲ್ಲ. ಕಾಶೀಬಾಯಿಯವರಿಗೆ ಕೇಳಿಸಿತು. ಅವರು ತಮ್ಮನ ಮೈಯಿಂದ ಸುರಿಯುವ ನೀರು ನೋಡಿದರು, ಅವನ ಕೈ ನೋಡಿದರು. ಒಲೆಯ ಪಕ್ಕದ ಮಣೆಯ ಮೇಲಿದ್ದ ಲಟ್ಟಣಿಗೆಯನ್ನು ಎತ್ತಿ ಮೊದಲು ತಮ್ಮನ ಮಣಿಕಟ್ಟಿಗೆ ಒಂದು ಏಟು ಹಾಕಿದರು. ಆಚಾರ್ಯರು ಅಯ್ಯೋ ಎಂದು ಕೈ ಹಿಂದೆಳೆದುಕೊಂಡರು. ಅದೇ ವೇಗದಲ್ಲಿ ಲಟ್ಟಣಿಗೆಯ ತುದಿಯಿಂದ ಸ್ವಿಚ್ಚಿನ ಹಿಡಿಯನ್ನು ಮೇಲಕ್ಕೆ ಹೊಡೆದರು. ಪೆಟ್ಟಿಗೆಯೊಳಗೆ ಚಟ್ಟೆಂದು ನೀಲಿ ಕಿಡಿ ಹಾರಿತು. ಫ್ಯಾನು ತಿರುಗಿತು. ಯುಪಿಎಸ್ಸು ಸುಮ್ಮನಾಯಿತು.

ಆ ಸ್ವಿಚ್ಚು ಹಿಂದೊಮ್ಮೆ ಕಾಶೀಬಾಯಿಯವರಿಗೆ ಶಾಕು ಹೊಡೆದು ಎಸೆದಿತ್ತಂತೆ. ಅಂದಿನಿಂದ ಅವರು ಅದನ್ನು ಲಟ್ಟಣಿಗೆಯಿಂದ ಮಾತ್ರ ಮುಟ್ಟುತ್ತಿದ್ದರು. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ತಮ್ಮನಿಗೆ ಇದು ಗೊತ್ತಿರಲಿಲ್ಲ, ಯಾಕೆಂದರೆ ಅವರು ಆ ಕಡೆ ಬರುತ್ತಿದ್ದುದು ಊಟಕ್ಕೆ ಮಾತ್ರ.

"ರಾಹುಕಾಲ ನಾಳೆನೂ ಬರತದ," ಎಂದರು ಕಾಶೀಬಾಯಿ, ಲಟ್ಟಣಿಗೆಯನ್ನು ಸೆರಗಿನಿಂದ ಒರೆಸುತ್ತ. "ನೀ ಎಲ್ಲಿಂದ ಬರತಿ?"

ಹೊಸ್ತಿಲಿಗೆ ಒರಗಿ ಕುಳಿತುಬಿಟ್ಟಿದ್ದ ನಾನು ಎದ್ದು ಮಷೀನಿನ ಮುಂದೆ ಹೋದೆ.

ಪರದೆಯ ಮೇಲೆ ನೀಲಿ ಪಟ್ಟಿ ತನ್ನ ಪಾಡಿಗೆ ತಾನು ಬಲಬದಿಗೆ ತಲುಪಿತು. ಆಮೇಲೆ ಪ್ರಪಂಚದ ನಕ್ಷೆ ತೆರೆದುಕೊಂಡು, ನೀವು ಎಲ್ಲಿದ್ದೀರಿ ಎಂದು ಕೇಳಿತು. ಭಾರತದಲ್ಲಿ ಎಲ್ಲಿ ಒತ್ತಿದರೂ ಅದು ತೋರಿಸುವ ಹೆಸರು ಕೊಲ್ಕತ್ತಾ. ಮಣಿಕಟ್ಟು ನೀವಿಕೊಳ್ಳುತ್ತ, ಚಳಿಗೆ ನಡುಗುತ್ತ ನನ್ನ ಹಿಂದೆ ಬಂದು ನಿಂತಿದ್ದ ಆಚಾರ್ಯರು ಅದನ್ನು ಓದಿದರು.

"ಕೊಲ್ಕತ್ತಾದ ಸೂರ್ಯ ಬ್ಯಾರೆ, ಸವಣೂರ ಸೂರ್ಯ ಬ್ಯಾರೆ," ಎಂದರು. "ಇದು ತಪ್ಪದ. ತಿದ್ದ್ರಿ."

ಜೀವ ಹೋಗಿ ಬಂದ ಮನುಷ್ಯನಿಗೆ ಆ ಹೊತ್ತಿನಲ್ಲಿ ಸೂರ್ಯೋದಯದ ವ್ಯತ್ಯಾಸ ಕಾಡುತ್ತಿತ್ತು. ನಾನು ನಗತೊಡಗಿದೆ. ನಗು ನಿಲ್ಲಲಿಲ್ಲ, ಆಮೇಲೆ ಅದು ಅಳುವಾಯಿತು. ಕಾಶೀಬಾಯಿ ಅಡುಗೆಮನೆಯಿಂದ ಒಂದು ಲೋಟ ಮಜ್ಜಿಗೆಯನ್ನು ಹೊಸ್ತಿಲ ಮೇಲೆ ಇಟ್ಟು ಹಿಂದೆ ಸರಿದು ನಿಂತರು.

ಎಲ್ಲ ಮುಗಿದ ಮೇಲೆ ಮೊದಲು ಹಳೆಯ ವಿಂಡೋಸನ್ನೇ ತೆರೆದೆ. ಅದು ಡಿಸ್ಕನ್ನು ಪರೀಕ್ಷಿಸುತ್ತೇನೆ ಎಂದು ಬಹಳ ಹೊತ್ತು ಕೂತಿತು. ಆಚಾರ್ಯರು ಜಪ ಮಾಡುತ್ತಿದ್ದರು, ನಾನೂ ಬಾಯೊಳಗೆ ಏನೋ ಅನ್ನುತ್ತಿದ್ದೆ. ಪಂಚಾಂಗ ತೆರೆಯಿತು. ಚೈತ್ರದಿಂದ ಫಾಲ್ಗುಣದವರೆಗೆ ಒಂದೊಂದೇ ಪುಟ ಸರಿಸಿ ನೋಡಿದರು. ಎಲ್ಲ ಇತ್ತು. ಪೂರ್ತಿ ನೋಡಿದ ಮೇಲೆ ತಾವಾಗಿಯೇ ಕೈ ಮುಂದೆ ಮಾಡಿ ಖಾಲಿ ಪೆನ್‌ಡ್ರೈವು ಕೇಳಿದರು. ಪ್ರತಿ ತೆಗೆದುಕೊಟ್ಟೆ. ಅದನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟರು. ದೇವರ ಹತ್ತಿರವೇ ಇದ್ದರೆ ಅದು ಹೊರಗೆ ಹೋದಂತಾಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ನಾನು ಹೊರಡುವಾಗ ಕಾಶೀಬಾಯಿ ಇನ್ನೊಂದು ಲಟ್ಟಣಿಗೆ ತಂದು ಹೊಸ್ತಿಲ ಮೇಲೆ ಇಟ್ಟರು. "ತಗೋ ಹುಡುಗಿ, ನಿನ್ನ ಕೆಲಸಕ್ಕ ಬೇಕಾಗತದ."

ಅಂಗಡಿಗೆ ಬಂದು ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಅಂಗಡಿಯ ಹಿಂದೆ ಹೋಗಿ, ಯಾವತ್ತೂ ಮಾಡದ ಕೆಲಸ ಮಾಡಿದರು. ಬಾಯೊಳಗಿನ ಎಲೆಯನ್ನು ಅರ್ಧಕ್ಕೇ ಉಗುಳಿ ಬಂದು, ಆಚಾರ್ಯರ ಮನೆಗೆ ಹೊಸ ಯುಪಿಎಸ್ಸನ್ನೂ ಮೇನ್ ಸ್ವಿಚ್ಚನ್ನು ನಡುಮನೆಗೆ ತರಲು ಒಬ್ಬ ವೈರಿಂಗಿನವನನ್ನೂ ಕಳಿಸಿದರು. ಆಮೇಲಿನಿಂದ ನಾನು ಯಾರ ಮನೆಗೆ ಹೋದರೂ ಯಾವ ಡೆಸ್ಕ್‌ಟಾಪು ಬೇಕು ಎಂದು ಕೇಳುವ ಮೊದಲು ಮೇನ್ ಸ್ವಿಚ್ಚು ಎಲ್ಲಿದೆ, ಅದರ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳುತ್ತಿದ್ದೆ. ನೀವೂ ಕೇಳಿ. ಯಾವ ಡಿಸ್ಟ್ರಿಬ್ಯೂಶನ್ ಒಳ್ಳೆಯದು ಎಂಬುದರ ಬಗ್ಗೆ ನಿಮಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಒಂದೇ ಪ್ರತಿ ಇರುವ ಮನೆಯಲ್ಲಿ ಮಾಲೀಕರು ಹೇಳಿದರೂ ಗುಂಡಿ ಒತ್ತಬೇಡಿ. ಒದ್ದೆಯಾದ ಮನುಷ್ಯ ಸ್ವಿಚ್ಚಿನ ಕಡೆ ಓಡಿದರೆ ಮೈಲಿಗೆಯ ಯೋಚನೆ ಬಿಟ್ಟು ಹಿಡಿದುಕೊಳ್ಳಿ.

ಆ ಯುಗಾದಿಗೆ ಪಂಚಾಂಗ ಓದುವುದನ್ನು ಕೇಳಲು ಬನ್ನಿ ಎಂದು ಆಚಾರ್ಯರು ನನ್ನನ್ನೂ ಸಾಹೇಬರನ್ನೂ ಕರೆಸಿದರು. ಮಠದ ಅಂಗಳದಲ್ಲಿ ಹೆಂಗಸರ ಸಾಲಿನಲ್ಲಿ ಕಾಶೀಬಾಯಿಯವರಿಂದ ಮಡಿಯ ಅಂತರ ಬಿಟ್ಟು ಕುಳಿತೆ. ಮಳೆ, ಬೆಳೆ, ಗ್ರಹಣ ಮುಗಿದು ಮುಹೂರ್ತಗಳು ಬಂದವು. ಮದುವೆಗೆ ಇಂಥ ದಿನ, ಗೃಹಪ್ರವೇಶಕ್ಕೆ ಇಂಥ ದಿನ, ಬೋರ್‌ವೆಲ್ಲಿಗೆ ಇಂಥ ದಿನ. ಅದರ ಕೆಳಗೆ ಆಚಾರ್ಯರು ಹೊಸದಾಗಿ ಒಂದು ಸಾಲು ಸೇರಿಸಿದ್ದರು. ಗಣಕಯಂತ್ರದಲ್ಲಿ ಹೊಸ ವ್ಯವಸ್ಥೆ ಸ್ಥಾಪಿಸಲು ಇಂಥಿಂಥ ದಿನಗಳು ಪ್ರಶಸ್ತ; ಆರಂಭವಾದ ಮೇಲೆ ರಾಹುಕಾಲದ ದೋಷವಿಲ್ಲ; ಮುಗಿಯುವವರೆಗೆ ಮನೆಯವರು ಯಾರೂ ಮೇನ್ ಸ್ವಿಚ್ಚು ಮುಟ್ಟಕೂಡದು.

ಗಂಡಸರ ಸಾಲಿನಲ್ಲಿ ಹುಸೇನಸಾಬರು ಟೊಪ್ಪಿಗೆ ಸರಿಮಾಡಿಕೊಂಡು ದೊಡ್ಡದಾಗಿ ತಲೆಯಾಡಿಸಿದರು. ಕಾಶೀಬಾಯಿ ನನ್ನ ಕಡೆ ಬಾಗಿದರು.

"ಎಲ್ಲಾ ಬರದಾನ," ಎಂದರು ಮೆಲ್ಲಗೆ. "ಲಟ್ಟಣಿಗಿ ಮಾತ್ರ ಬರದಿಲ್ಲ ನೋಡು."